ಮಸಾಯಿ ಮಾರಾಗೆ ಹೋಗಿಬಂದವರು ಹೇಳಿ: ಈ ಹುಲ್ಲು ಮೇಯುವ ಪ್ರಾಣಿಗಳನ್ನು ಗುರುತು ಹಿಡಿಯೋದು ಹೇಗೆ?

ಆಗಸ್ಟ್‌ನಲ್ಲಿ ಮನೆಯವರೆಲ್ಲ ಕೆನ್ಯಾಗೆ ಹೊರಟಿದ್ದೇವೆ. ಸಿಂಹ, ಆನೆ ಸರಿ. ಉಳಿದ ಮೇಯುವ ಪ್ರಾಣಿಗಳು ಫೋಟೋದಲ್ಲಿ ನನಗೆ ಒಂದೇ ಥರ ಕಾಣುತ್ತವೆ. ನೀವೆಲ್ಲ ಏನು ನೋಡಿ ಗುರುತಿಸಿದಿರಿ?

— ಕೊಂಬು, ಬಣ್ಣ ಆಮೇಲೆ ಮೇಡಂ, ಮೊದಲು ಬಾಯಿ ನೋಡಿ. ಜೀಪಿನ ಎಂಜಿನ್ ಆಫ್ ಮಾಡಿಸಿದರೆ ಜೀಬ್ರಾ ಹುಲ್ಲು ಹರಿಯುವ ಸದ್ದು ಕೇಳುತ್ತದೆ. ಅದಕ್ಕೆ ಮೇಲೂ ಕೆಳಗೂ ಬಾಚಿಹಲ್ಲು ಇರುವುದರಿಂದ ಎತ್ತರದ ಒರಟು ದಂಟನ್ನೂ ಕಚ್ಚಿ ಎಳೆದು ತಿನ್ನುತ್ತದೆ, ಮೆಲುಕು ಹಾಕಲ್ಲ, ತಿಂದದ್ದು ಬೇಗ ಹೊರಗೆ ಹೋಗುತ್ತದೆ, ಅದಕ್ಕೇ ಹೆಚ್ಚುಕಮ್ಮಿ ದಿನವಿಡೀ ಮೇಯುತ್ತಲೇ ಇರಬೇಕು. ವೈಲ್ಡ್‌ಬೀಸ್ಟ್ ಮೆಲುಕು ಹಾಕುವ ಜಾತಿ, ನಮ್ಮ ದನಗಳ ಹಾಗೆ ಮೇಲಿನ ಬಾಚಿಹಲ್ಲೇ ಇಲ್ಲ. ಮೂತಿ ಅಗಲ. ಜೀಬ್ರಾ ದಂಟು ತೆಗೆದ ಕಡೆ ಅಡಿಯ ಎಲೆಹುಲ್ಲು ಇದಕ್ಕೆ ಸಿಗುತ್ತದೆ. ಇವೆರಡೂ ಮೇಯ್ದ ಮೇಲೆ ಬರುವ ಚಿಗುರಿಗೆ ಥಾಮ್ಸನ್ ಗಜೆಲ್ ಅನ್ನೋ ಜಿಂಕೆಯಂಥ ಪುಟ್ಟ ಪ್ರಾಣಿ ಬರುತ್ತದೆ. ಹೀಗೆ ಪಾಳಿ ಪ್ರಕಾರವೇ ಬರುತ್ತವೆ ಅಂದ್ಕೋಬೇಡಿ, ಎಷ್ಟೋ ಸಲ ಎಲ್ಲ ಬೆರೆತೇ ಇರುತ್ತವೆ.

— ಗಜೆಲ್‌ನಲ್ಲೂ ಎರಡಿವೆ. ಪಕ್ಕೆಯ ಮೇಲೆ ದಪ್ಪ ಕಪ್ಪು ಪಟ್ಟೆ, ಸುಮ್ನೆ ಇರದ ಕಪ್ಪು ಬಾಲ ಕಂಡರೆ ಥಾಮ್ಸನ್. ಗ್ರಾಂಟ್ ಗಜೆಲ್ ದೊಡ್ಡದು, ಹಿಂಭಾಗದ ಬಿಳಿ ಬಾಲಕ್ಕಿಂತ ಮೇಲಕ್ಕೂ ಹೋಗಿರುತ್ತದೆ. ಗೆದ್ದಲು ಹುತ್ತದ ಮೇಲೆ ನಿಂತು ಕಾವಲು ಕಾಯೋ ಥರ ನೋಡುತ್ತಿದ್ದರೆ ಬಹುಶಃ ಟೋಪಿ (Topi) ಅನ್ನೋ ಪ್ರಾಣಿ. ಅದರ ತೊಡೆ ನೀಲಿಗಪ್ಪು, ಕಾಲಿನ ಕೆಳಭಾಗ ಹಳದಿ. ಇನ್ನೂ ಉದ್ದ ಮುಖ, ಮೈಯೆಲ್ಲ ಒಂದೇ ಕಂದು ಅಂದ್ರೆ ಹಾರ್ಟ್‌ಬೀಸ್ಟ್.

— ಮಾರಾ ಮತ್ತು ಪಕ್ಕದ ಟಾಂಜಾನಿಯಾದ ಸೆರೆಂಗೆಟಿ ಸೇರಿ ವೈಲ್ಡ್‌ಬೀಸ್ಟ್ ಸುಮಾರು 13 ಲಕ್ಷ, ಜೀಬ್ರಾ 2 ಲಕ್ಷ, ಹಾಗಾಗಿ ಕಣ್ಣು ಬೇಗ ಪಳಗುತ್ತದೆ. 1960ರ ದಶಕದ ಶುರುವಿನಲ್ಲಿ ವೈಲ್ಡ್‌ಬೀಸ್ಟ್ ಎರಡೂವರೆ ಲಕ್ಷದಷ್ಟೇ ಇದ್ದವು. ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ ಮೇಲೆ ರಿಂಡರ್‌ಪೆಸ್ಟ್ ರೋಗ ಇವುಗಳಲ್ಲೂ ನಿಂತು, ಸಂಖ್ಯೆ ಇಷ್ಟಾಯಿತು. ನನ್ನ ಮಾತು ಕೇಳಿದರೆ ಇವುಗಳ ಹಿಂಡು ಮಾರಾ ನದಿ ದಾಟೋದನ್ನು ಕಾಯುತ್ತಾ ದಡದಲ್ಲೇ ಪೂರ್ತಿ ದಿನ ಕಳೆಯಬೇಡಿ. ಬಯಲಲ್ಲಿ ಇದಕ್ಕಿಂತ ಜಾಸ್ತಿ ನೋಡೋದಿದೆ.

— ಮಕ್ಕಳು ಹಿಪ್ಪೋ ಕೇಳೇ ಕೇಳ್ತಾರೆ ಅಲ್ವಾ? ಅದೂ ಹುಲ್ಲು ಮೇಯುವುದೇ, ಆದರೆ ರಾತ್ರಿ. ರಿಸರ್ವ್ ಒಳಗೆ ರಾತ್ರಿ ಸಫಾರಿ ಇಲ್ಲ. ಪಕ್ಕದ ಖಾಸಗಿ ಕನ್ಸರ್ವೆನ್ಸಿಗಳಲ್ಲಿ (ವನ್ಯಜೀವಿಗಳಿಗೆ ಮೀಸಲಿಟ್ಟ ಜಾಗಗಳಲ್ಲಿ) ಇರುತ್ತದೆ, ಬುಕ್ ಮಾಡುವಾಗಲೇ ವಿಚಾರಿಸಿ.