ಕಲಾಕೃತಿಯನ್ನು ನೋಡುವುದನ್ನು ಕಲಿಯುವುದು ಹೇಗೆ? ಗದ್ದುಗೆಯ ಎದುರು ಎದ್ದ ಪ್ರಶ್ನೆ

ಪ್ರಶ್ನೆ: ವಿರಾಜಪೇಟೆಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ವಿರಾಜಪೇಟೆಯ ಸಮೀಪದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕಳೆದ ತಿಂಗಳು ಒಂಬತ್ತನೆಯ ತರಗತಿಯ ಮಕ್ಕಳನ್ನು ಮಡಿಕೇರಿಗೆ ಕರೆದುಕೊಂಡು ಹೋಗಿ ಓಂಕಾರೇಶ್ವರ ದೇವಾಲಯವನ್ನೂ ರಾಜರ ಗದ್ದುಗೆಯನ್ನೂ ತೋರಿಸಿದೆ. ಗದ್ದುಗೆಯ ಮುಂದೆ ನಿಂತು, ಓದಿಕೊಂಡು ಬಂದಿದ್ದನ್ನೆಲ್ಲ ಹೇಳಿದೆ: ಇದು ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿಯವರ ಸಮಾಧಿ, ಪಕ್ಕದ್ದು ಅವನ ತಮ್ಮ ಲಿಂಗರಾಜೇಂದ್ರನದು, ಅದನ್ನು 1820ರಲ್ಲಿ ಮಗ ಚಿಕ್ಕವೀರರಾಜೇಂದ್ರ ಕಟ್ಟಿಸಿದ, ಶೈಲಿ ಇಸ್ಲಾಮಿ. ಐದು ನಿಮಿಷಗಳಲ್ಲಿ ನನ್ನ ಪಾಠ ಮುಗಿಯಿತು. ಆಗ ಹಿಂದೆ ನಿಂತಿದ್ದ ಹುಡುಗನೊಬ್ಬ, “ಇಸ್ಲಾಮಿ ಶೈಲಿ ಎಂದರೆ, ಮೂಲೆಯ ಗೋಪುರಗಳ ಮೇಲೆ ಬಸವ ಏಕೆ ಕೂತಿದ್ದಾನೆ, ಟೀಚರ್?” ಎಂದು ಕೇಳಿದ.

ನನ್ನ ಬಳಿ ಉತ್ತರವಿರಲಿಲ್ಲ. ಅದಕ್ಕಿಂತ ಹೆಚ್ಚು ನೋವಾದದ್ದು, ಆ ಬಸವನನ್ನು, ಎಂದರೆ ನಂದಿಯ ವಿಗ್ರಹವನ್ನು, ನಾನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ ಎಂಬುದು. ಹಲವು ವರ್ಷಗಳಿಂದ ಆ ಆವರಣಕ್ಕೆ ಹೋಗುತ್ತಿದ್ದೇನೆ. ಬೆಂಗಳೂರಿನ ಚಿತ್ರಶಾಲೆಗಳಿಗೆ ಹೋದಾಗಲೂ ನನ್ನ ಅಭ್ಯಾಸ ಇದೇ: ಚಿತ್ರದ ಕೆಳಗಿನ ಚೀಟಿಯನ್ನು ಓದುತ್ತೇನೆ, ಚಿತ್ರದ ಮೇಲೆ ಕಣ್ಣಾಡಿಸುತ್ತೇನೆ, ಮುಂದಿನದಕ್ಕೆ ನಡೆಯುತ್ತೇನೆ. ಮನೆಗೆ ಬಂದ ಮೇಲೆ ಹೆಸರುಗಳು ನೆನಪಿನಲ್ಲಿರುತ್ತವೆ, ಒಂದು ಚಿತ್ರವೂ ಕಣ್ಣಮುಂದೆ ಬರುವುದಿಲ್ಲ.

ನೋಡುವುದನ್ನು ಈ ವಯಸ್ಸಿನಲ್ಲಿ ಕಲಿಯಲು ಸಾಧ್ಯವೇ? ಕಂಡದ್ದಕ್ಕೆ ಅರ್ಥ ಹೇಳುವಾಗ, ಅದು ಕೃತಿಯಲ್ಲಿದೆಯೋ ನಾನೇ ಕಲ್ಪಿಸಿಕೊಂಡದ್ದೋ ಎಂದು ತಿಳಿಯುವ ಬಗೆ ಯಾವುದು? ಮಕ್ಕಳನ್ನು ಮತ್ತೆ ಅಲ್ಲಿಗೆ ಕರೆದೊಯ್ಯಬೇಕೆಂದಿದ್ದೇನೆ. ತಿಳಿದವರು ದಯವಿಟ್ಟು ಹೇಳಿಕೊಡಿ.

ಉತ್ತರ: ಸೋಮವಾರಪೇಟೆಯ ನಿವೃತ್ತ ಚಿತ್ರಕಲಾ ಶಿಕ್ಷಕ

ಮೇಡಂ, ಆ ಹುಡುಗನಿಗೆ ನೋಡುವುದು ಈಗಾಗಲೇ ಬಂದಿದೆ. ಅವನು ಮಾಡಿದ್ದನ್ನೇ ನಾವು ಮಾಡಬೇಕು.

ಮೂವತ್ತು ವರ್ಷ ಮಕ್ಕಳಿಗೆ ಚಿತ್ರ ಕಲಿಸಿದ ನನ್ನ ಅನುಭವದಲ್ಲಿ, ಕೃತಿಯ ಮುಂದೆ ನಿಂತ ಕೂಡಲೇ “ಇದರ ಅರ್ಥವೇನು” ಎಂದು ಕೇಳುವುದೇ ನೋಟಕ್ಕೆ ಬೀಳುವ ಮೊದಲ ತಡೆ. ಹತ್ತು ನಿಮಿಷ ಯಾರೂ ಮಾತನಾಡಬಾರದು. ಆಮೇಲೆ ಪ್ರತಿಯೊಬ್ಬರೂ ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳಬೇಕು. “ಭವ್ಯವಾಗಿದೆ” ಎಂಬುದು ಕಂಡದ್ದಲ್ಲ, ಅನ್ನಿಸಿದ್ದು. “ಮಧ್ಯದ ಗುಮ್ಮಟ ದೊಡ್ಡದು, ಮೂಲೆಗಳ ಗೋಪುರಗಳು ಸಣ್ಣವು, ಅವುಗಳ ಮೇಲೆ ಬಸವ ಇದ್ದಾನೆ” ಎಂಬುದು ಕಂಡದ್ದು. ಬಳಿಕ ಪೆನ್ಸಿಲು, ಕಾಗದ ಕೊಡಿ. ಚಿತ್ರ ಚೆನ್ನಾಗಿ ಬರಬೇಕೆಂಬ ಹಟ ಬೇಡ. ಗುಮ್ಮಟದ ಅಂಚು ಎಲ್ಲಿ ಬಾಗುತ್ತದೆ, ಗೋಪುರ ಗೋಡೆಯನ್ನು ಎಲ್ಲಿ ಸೇರುತ್ತದೆ ಎಂದು ಬರೆಯಹೊರಟವನು ಪ್ರತಿ ಗೆರೆಗೂ ಒಮ್ಮೆ ತಲೆಯೆತ್ತಿ ನೋಡಲೇಬೇಕಾಗುತ್ತದೆ. ಅಷ್ಟು ಬಾರಿ ನೋಡಿದ ವಸ್ತುವನ್ನು ಅವನು ಸುಲಭವಾಗಿ ಮರೆಯುವುದಿಲ್ಲ. ಮಾಹಿತಿ ಫಲಕವನ್ನು ಓದುವ ಸರದಿ ಎಲ್ಲಕ್ಕಿಂತ ಕೊನೆಗೆ ಬರಲಿ.

ಇನ್ನು ಬಸವನ ವಿಷಯ. ಕೊಡಗನ್ನು ಆಳಿದ ಈ ಹಾಲೇರಿ ಮನೆತನದ ಅರಸರು ವೀರಶೈವರು. ಆದ್ದರಿಂದ ಬಸವ ಅವರ ಮನೆಯವನೇ. ಗುಮ್ಮಟವಾದರೋ ಆ ಕಾಲದಲ್ಲಿ ಈ ಸೀಮೆಯ ದೊಡ್ಡ ಕಟ್ಟಡಗಳ ರೂಢಿಯ ಭಾಷೆಯಾಗಿತ್ತು. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರದಲ್ಲೂ ಶಿವಲಿಂಗದ ನೆತ್ತಿಗೆ ಗುಮ್ಮಟವಿದೆ, ನಾಲ್ಕು ಮೂಲೆಗೆ ಮಿನಾರುಗಳಿವೆ. ಹೈದರನ ಸಮಾಧಿಯಾದ ಶ್ರೀರಂಗಪಟ್ಟಣದ ಗುಂಬಜ್ ಇಲ್ಲಿಂದ ಬಹಳ ದೂರವೇನೂ ಅಲ್ಲ. ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದು ಅವನೊಡನೆ ಹೋರಾಡಿದ ದೊಡ್ಡವೀರರಾಜೇಂದ್ರನ ಸಮಾಧಿಗೂ ಗುಮ್ಮಟವೇ ಬಂದಿದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. “ಇಸ್ಲಾಮಿ ಶೈಲಿ” ಎಂಬ ಎರಡು ಪದ ಕಟ್ಟಡದ ಅರ್ಧವನ್ನಷ್ಟೇ ಹೇಳುತ್ತದೆ. ಉಳಿದರ್ಧವನ್ನು ಹುಡುಗನ ಕಣ್ಣು ಹಿಡಿಯಿತು.

ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರಕಲೆಯನ್ನು ಕುರಿತ ಭಾಗವಾದ ಚಿತ್ರಸೂತ್ರದಲ್ಲಿ ಒಂದು ಮಾತಿದೆ: ಆಚಾರ್ಯರು ರೇಖೆಯನ್ನು ಹೊಗಳುತ್ತಾರೆ, ವಿಚಕ್ಷಣರು ನೆರಳು ಬೆಳಕಿನ ವರ್ತನೆಯನ್ನು, ಸ್ತ್ರೀಯರು ಆಭರಣವನ್ನು, ಉಳಿದ ಜನರು ಬಣ್ಣದ ಸಮೃದ್ಧಿಯನ್ನು. ಒಂದೇ ಚಿತ್ರದ ಮುಂದೆ ಒಂದೊಂದು ಸಲ ಒಂದೊಂದನ್ನೇ ನೋಡುತ್ತಾ ಹೋಗುವುದಕ್ಕೆ ನಾನು ಇದನ್ನು ಬಳಸಿಕೊಂಡಿದ್ದೇನೆ. ಇವತ್ತು ರೇಖೆ ಮಾತ್ರ, ನಾಳೆ ಬೆಳಕು ಮಾತ್ರ. ಕಕ್ಕಬ್ಬೆಯ ಬಳಿಯ ನಾಲ್ಕುನಾಡು ಅರಮನೆಗೂ ಒಮ್ಮೆ ಹೋಗಿ. 1792ರಲ್ಲಿ ಕಟ್ಟಿದ ಆ ಮನೆಯಲ್ಲಿ ಮಾಸಿದ ವರ್ಣಚಿತ್ರಗಳು ಉಳಿದಿವೆ. ಮಳೆಗಾಲದಲ್ಲಿ ಹೋಗಬೇಡಿ, ಒಳಗೆ ಕತ್ತಲೆ. ಡಿಸೆಂಬರಿನ ಬೆಳಗ್ಗೆ ಹೋಗಿ, ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ಕೂತಿರಿ.

ಉತ್ತರ: ಕುಶಾಲನಗರದ ಓದುಗ

ಹಿರಿಯರ ಮಾತಿಗೆ ಗೌರವವಿದೆ. ಆದರೆ ತಿಳಿವಳಿಕೆಯನ್ನು ಅಷ್ಟು ಕೊನೆಗೆ ತಳ್ಳುವುದು ನನಗೆ ಸರಿಕಾಣದು. ಕಣ್ಣು ಎಷ್ಟು ತಾಳ್ಮೆಯಿಂದ ನೋಡಿದರೂ ದಾಟಲಾಗದ ಗೆರೆಯೊಂದಿದೆ.

ನಮಗೆ ಹೊಳೆಯಾಚೆಯ ಬೈಲುಕುಪ್ಪೆ ಹತ್ತಿರ. ಟಿಬೆಟನ್ ವಿಹಾರಗಳ ಹೊಸಿಲ ಬಳಿಯ ಗೋಡೆಯಲ್ಲಿ ಸಾಮಾನ್ಯವಾಗಿ ಭವಚಕ್ರವನ್ನು ಬರೆದಿರುತ್ತಾರೆ: ಉಗ್ರರೂಪದ ಯಮ ಒಂದು ದೊಡ್ಡ ಚಕ್ರವನ್ನು ಉಗುರು, ಹಲ್ಲುಗಳಿಂದ ಹಿಡಿದಿರುತ್ತಾನೆ, ನಡುವೆ ಹಂದಿ, ಹಾವು, ಕೋಳಿ, ಸುತ್ತಲೂ ಆರು ಲೋಕ, ಅಂಚಿನಲ್ಲಿ ಹನ್ನೆರಡು ಪುಟ್ಟ ಚಿತ್ರಗಳು. ವರ್ಷಗಟ್ಟಲೆ ನಾನು ಅದನ್ನು ನೋಡಿದೆ. ಅಂಚಿನಲ್ಲಿ ಕೋಲೂರಿಕೊಂಡು ನಡೆಯುವ ಕುರುಡನ ಆಕೃತಿಯನ್ನು ಕಂಡು, ಇದು ಮುಪ್ಪು ಎಂದುಕೊಂಡಿದ್ದೆ. ಕಣ್ಣಿಗೆ ಕಂಡದ್ದರಲ್ಲಿ ತಪ್ಪೇನೂ ಇರಲಿಲ್ಲ, ಅರ್ಥ ಪೂರ್ತಿ ತಪ್ಪಾಗಿತ್ತು. ಅದು ಅವಿದ್ಯೆ. ಅಂಚಿನ ಆ ಹನ್ನೆರಡು ಚಿತ್ರಗಳು ಹುಟ್ಟುಸಾವಿನ ಸರಪಳಿಯ ಹನ್ನೆರಡು ಕೊಂಡಿಗಳು, ಅವುಗಳಲ್ಲಿ ಇದು ಮೊದಲನೆಯದು. ಮುಪ್ಪು ಮತ್ತು ಸಾವಿಗೆ ಹೆಣ ಹೊತ್ತು ನಡೆಯುವವನ ಚಿತ್ರ ಬೇರೆಯೇ ಇದೆ. ಒಬ್ಬ ಭಿಕ್ಷು ಇದನ್ನು ಹೇಳಿಕೊಡದಿದ್ದರೆ ಸಾಯುವವರೆಗೆ ನೋಡಿದರೂ ನನಗೆ ತಿಳಿಯುತ್ತಿರಲಿಲ್ಲ.

ವೀರಗಲ್ಲಿನದೂ ಇದೇ ಕಥೆ. ಪುಸ್ತಕ ಓದುವ ಅಭ್ಯಾಸದಿಂದ ನಾವು ಮೇಲಿನಿಂದ ಕೆಳಕ್ಕೆ ನೋಡುತ್ತೇವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು. ದಿಕ್ಕು ತಿಳಿಯದವನಿಗೆ ಸತ್ತವನು ಸ್ವರ್ಗದಿಂದ ಯುದ್ಧಕ್ಕೆ ಇಳಿದಂತೆ ಕಾಣುತ್ತದೆ.

ಹಾಗೆಂದು ಭಿಕ್ಷು ಹೇಳಿದ್ದೇ ಎಲ್ಲವೂ ಅಲ್ಲ. ಭವಚಕ್ರದ ಎರಡನೆಯ ಕೊಂಡಿ ಸಂಸ್ಕಾರ, ಎಂದರೆ ಮಾಡಿದ ಕರ್ಮ ಮುಂದಕ್ಕೂ ಉಳಿಸುವ ಪ್ರೇರಣೆ, ಅದರ ಚಿತ್ರ ಕುಂಬಾರ. ಅಷ್ಟನ್ನು ಅವರು ತಿಳಿಸಿದರು. ಕುಂಬಾರ ಕೈ ತೆಗೆದ ಮೇಲೂ ತಿಗರಿ ತಿರುಗುತ್ತಲೇ ಇರುತ್ತದೆ ಎಂಬುದು, ಚಿಕ್ಕಂದಿನಲ್ಲಿ ಅದನ್ನು ಕಂಡಿದ್ದರಿಂದ ನನಗೆ ತಾನಾಗಿ ಹೊಳೆಯಿತು. ಆ ಕ್ಷಣದಲ್ಲಿ ಚಿತ್ರ ನನ್ನದಾಯಿತು.

ಉತ್ತರ: ಪೊನ್ನಂಪೇಟೆಯ ಗೃಹಿಣಿ

ಮಾಸ್ಟರೇ, ನಿಮ್ಮ ಚಿತ್ರಸೂತ್ರದ ಮಾತಿನಲ್ಲಿ ಸ್ತ್ರೀಯರ ಪಾಲಿಗೆ ಆಭರಣವನ್ನು ಬಿಟ್ಟಿರುವುದು ಅದನ್ನು ಕೀಳೆಂದು ಎಣಿಸಿದಂತಿದೆ, ನಾನು ಒಪ್ಪಲಾರೆ. ನನ್ನ ಕಣ್ಣಿಗೆ ಪಾಠ ಹೇಳಿದ್ದೇ ಆಭರಣ. ನಮ್ಮ ಅವ್ವನ ಕೊಕ್ಕೆತಾತಿಯನ್ನು, ಕೊಡವರ ಕೊರಳ ಪದಕವನ್ನು, ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಾಗ, ಅದು ಅರ್ಧಚಂದ್ರ ಎಂದು ಮೊದಲು ಕಂಡಿತು, ಬಹಳ ದಿನಗಳ ಮೇಲೆ ನಡುವಿನ ಹಾವಿನ ಹೆಡೆ ಕಂಡಿತು. ಮದುಮಗ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೀಚೆಕತ್ತಿ ಎಂಬ ಕಿರುಗತ್ತಿಯ ಬೆಳ್ಳಿ ಸರಪಳಿಯಲ್ಲಿ ಪುಟ್ಟ ಪುಟ್ಟ ಆಯುಧಗಳು ತೂಗುತ್ತವೆ. ಮದುವೆಗೆ ಬಂದವರಲ್ಲಿ ಎಷ್ಟು ಜನ ಅವನ್ನು ಒಂದೊಂದಾಗಿ ನೋಡಿದ್ದಾರೆ?

ಶಿಕ್ಷಕಿಯವರಿಗೆ ಒಂದು ಚಿತ್ರವನ್ನು ಸೂಚಿಸುತ್ತೇನೆ. 1834ರಲ್ಲಿ ಪದಚ್ಯುತನಾದ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನಿಗೆ 1852ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ದೀಕ್ಷೆಯಾಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾದಳು. ವಿಂಟರ್‌ಹಾಲ್ಟರ್ ಎಂಬ ಆಸ್ಥಾನ ಚಿತ್ರಕಾರ ಅವಳ ಭಾವಚಿತ್ರ ಬರೆದ. ಮತ ಬದಲಾಗಿದ್ದರೂ ಚಿತ್ರದಲ್ಲಿ ಉಡುಗೆ ಭಾರತದ್ದೇ, ಮೈಮೇಲೆ ಒಡವೆಗಳು. ಒಡವೆಯನ್ನು ನೋಡಿದ್ದರಿಂದಲೇ ನನಗೆ ಪ್ರಶ್ನೆ ಎದ್ದಿತು: ಹನ್ನೊಂದು ಹನ್ನೆರಡರ ಆ ಹುಡುಗಿ ಹೀಗೆ ಕಾಣಬೇಕೆಂದು ಬಯಸಿದವರು ಯಾರು? ಚಿತ್ರವನ್ನು ನೋಡುವಾಗ, ಅದನ್ನು ಬರೆಸಿದವರು ಯಾರು, ಯಾರ ಮನೆಯ ಗೋಡೆಗಾಗಿ ಎಂದು ಕೇಳುವುದನ್ನು ಮಕ್ಕಳಿಗೆ ಖಂಡಿತ ಕಲಿಸಿ.

ಪ್ರಶ್ನೆ ಕೇಳಿದವರಿಂದ: ವಿರಾಜಪೇಟೆಯ ಶಿಕ್ಷಕಿ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಕಳೆದ ಭಾನುವಾರ ಆರು ಮಕ್ಕಳೊಂದಿಗೆ ಮತ್ತೆ ಗದ್ದುಗೆಗೆ ಹೋಗಿದ್ದೆ. ಈ ಸಲ ನಾನು ಏನನ್ನೂ ಹೇಳಲಿಲ್ಲ. ಹತ್ತು ನಿಮಿಷದ ಮೌನ ಮೊದಲು ಕಷ್ಟವಾಯಿತು, ಆಮೇಲೆ ಬರೆಯಲು ಕೂತವರು ಒಂದು ಗಂಟೆಯಾದರೂ ಏಳಲಿಲ್ಲ. ಒಬ್ಬ ಹುಡುಗಿ ತನ್ನ ಚಿತ್ರವನ್ನು ತೋರಿಸಿ, “ಎರಡು ದೊಡ್ಡ ಸಮಾಧಿಗಳು ಒಂದರಂತೆ ಇನ್ನೊಂದಿವೆ, ಮೂರನೆಯದು ಮಾತ್ರ ಚಿಕ್ಕದು. ಅಣ್ಣನ ಸಮಾಧಿಯ ಹಾಗೆಯೇ ತಮ್ಮನದೂ ಇರಬೇಕೆಂದು ಏಕೆ ಮಾಡಿದರು?” ಎಂದಳು.

ಆಗ ನನಗೆ ಪಾಠದಲ್ಲಿ ಹೇಳಿ ಮರೆತದ್ದೊಂದು ನೆನಪಾಯಿತು. 1809ರಲ್ಲಿ ದೊಡ್ಡವೀರರಾಜೇಂದ್ರ ತೀರಿಕೊಂಡ ಮೇಲೆ ಪಟ್ಟ ಮಗಳು ದೇವಮ್ಮಾಜಿಗೆ ಬಂದಿತ್ತು. ಅವಳನ್ನು ಬದಿಗೆ ಸರಿಸಿ 1811ರಲ್ಲಿ ಲಿಂಗರಾಜೇಂದ್ರ ತಾನೇ ಅರಸನಾದ. ತನ್ನ ತಂದೆಯೂ ದೊಡ್ಡಪ್ಪನಷ್ಟೇ ಸರಿಯಾದ ಅರಸ ಎಂದು ಚಿಕ್ಕವೀರರಾಜೇಂದ್ರ ಕಲ್ಲುಗಾರೆಯಲ್ಲಿ ಹೇಳಿಸಿದನೇ? ಹೀಗೆ ಅರ್ಥ ಮಾಡಬಹುದೇ, ಅಥವಾ ಇದು ನನ್ನ ಕಲ್ಪನೆಯೇ?

ಉತ್ತರ: ಸೋಮವಾರಪೇಟೆಯ ನಿವೃತ್ತ ಚಿತ್ರಕಲಾ ಶಿಕ್ಷಕ

ಆಗಬಹುದು. ಕುಶಾಲನಗರದವರು ಹೇಳಿದಂತೆ ಇಲ್ಲಿ ಕಣ್ಣು ಹೋಲಿಕೆಯನ್ನು ಕಂಡಿತು, ತಿಳಿವಳಿಕೆ ಅದಕ್ಕೊಂದು ಕಾರಣವನ್ನು ಒದಗಿಸಿತು. ನನ್ನ ಮೊದಲ ಮಾತು ಆ ಮಟ್ಟಿಗೆ ಏಕಪಕ್ಷೀಯವಾಗಿತ್ತು. ಆದರೆ ಕಣ್ಣೆದುರಿಗಿದ್ದ ಮಾದರಿಯನ್ನೇ ಕೆಲಸಗಾರರು ಅನುಸರಿಸಿರುವ ಸಾಧ್ಯತೆಯೂ ಅಷ್ಟೇ ಬಲವಾಗಿದೆ. ಆದ್ದರಿಂದ ಮುಂದಿನ ಸಲ ಎರಡರ ಚಿತ್ರಗಳನ್ನೂ ಒಂದೇ ಅಳತೆಯಲ್ಲಿ ಬರೆಸಿ, ಅವು ಎಲ್ಲೆಲ್ಲಿ ಬೇರೆಯಾಗುತ್ತವೆ ಎಂದು ಗುರುತು ಹಾಕಿಸಿ. ಕಿಟಕಿ, ಬಾಗಿಲುಗಳಿಂದ ಆರಂಭಿಸಿದರೆ ಒಳ್ಳೆಯದು. ಆ ಚಿತ್ರಗಳನ್ನು ಇಲ್ಲಿ ಹಾಕಿದರೆ ನಾವೂ ಜೊತೆಗೆ ಕೂತು ನೋಡುತ್ತೇವೆ.