ಇನ್ಫಾರ್ಮ್ಡ್ ಕನ್ಸೆಂಟ್: ಲೈನ್ ಮನೆಯವರಿಗೆ ತಿಳಿಯುವ ಮಾತು ಯಾವುದು?

ನಮಸ್ಕಾರ. ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಹೆಂಗಸರು, ಮಕ್ಕಳ ರಕ್ತಹೀನತೆ ಬಗ್ಗೆ ಒಂದು ಅಧ್ಯಯನ ನಡೆಯುತ್ತಿದೆ. ಅದರ ಒಪ್ಪಿಗೆ ಪತ್ರವನ್ನು ತಿದ್ದುವ ಕೆಲಸ ನನ್ನದು. ಇನ್ಫಾರ್ಮ್ಡ್ ಕನ್ಸೆಂಟ್ ಅನ್ನುವುದಕ್ಕೆ ಕರಡಿನಲ್ಲಿ ‘ತಿಳಿವಳಿಕೆಯುಕ್ತ ಸಮ್ಮತಿ’ ಅಂತಿದೆ. ಲೈನ್ ಮನೆ, ಅಂದರೆ ತೋಟದ ಕೂಲಿಯವರ ಸಾಲುಮನೆಯ ಜಗಲಿಯಲ್ಲಿ ಕೂತು ಓದಿ ಹೇಳಿದಾಗ ಒಬ್ಬ ಅಕ್ಕ ಕೇಳಿದರು: “ರೈಟರ್ ಆಗ್ಲೇ ಹೂಂ ಅಂದಿದ್ದಾರಲ್ಲ, ಮತ್ತೆ ನಮ್ಮನ್ನ್ಯಾಕೆ ಕೇಳ್ತೀರಿ?” (ರೈಟರ್ ಅಂದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು.)

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ ಅನ್ನಿಸಿತು. ತೋಟದೊಳಗೆ ಬರಲು ಮಾಲೀಕರು ಕೊಡುವುದು ಅನುಮತಿ. ರಕ್ತ ಕೊಡಲು ಆ ಅಕ್ಕ ಹೇಳಬೇಕಾದ್ದು ಒಪ್ಪಿಗೆ. ಮೊದಲನೆಯದು ಸಿಕ್ಕಿದ್ದರೂ ಎರಡನೆಯದನ್ನು ಪ್ರತಿಯೊಬ್ಬರಿಂದಲೂ ಪಡೆಯಬೇಕು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ. ನಮ್ಮ ಕರಡಿನಲ್ಲಿ ಎರಡಕ್ಕೂ ‘ಸಮ್ಮತಿ’ಯೇ! ಹಾಗಾಗಿ ‘ತಿಳಿದು ಕೊಡುವ ಒಪ್ಪಿಗೆ’ ಅಂತ ಬಿಡಿಸಿ ಬರೆದಿದ್ದೇನೆ. ಉದ್ದ ಆಯಿತು, ಆದರೆ ಕೇಳಿದ ಕೂಡಲೇ ಅರ್ಥ ಆಗುತ್ತದೆ. ‘ಹಿಂಪಡೆಯುವ ಹಕ್ಕನ್ನು ಕಾಯ್ದಿರಿಸಲಾಗಿದೆ’ ಅನ್ನುವ ಸಾಲಿತ್ತು. ಯಾರ ಹಕ್ಕು ಅಂತಲೇ ಗೊತ್ತಾಗಲ್ಲ, ಅಲ್ವಾ? ಅಲ್ಲಿ ಈಗ “ಬೇಡ ಅನ್ನಬಹುದು. ನಡುವೆ ಬಿಡಲೂಬಹುದು. ಅದರಿಂದ ಕೂಲಿಗಾಗಲಿ ಚಿಕಿತ್ಸೆಗಾಗಲಿ ತೊಂದರೆ ಇಲ್ಲ” ಅಂತಿದೆ.

‘ಹೆಬ್ಬೆಟ್ಟು’ ತೆಗೆದು ‘ಹೆಬ್ಬೆರಳ ಗುರುತು’ ಮಾಡಿದೆ. ಹೆಬ್ಬೆಟ್ಟು ಅನ್ನುವುದು ಓದು ಬಾರದವರನ್ನು ಹೀಗಳೆಯುವ ಮಾತೂ ಹೌದು.

ಇನ್ನೆರಡು ಪದ ಸಿಗುತ್ತಿಲ್ಲ. ಓದು ಬಾರದವರಿಗೆ ಪತ್ರ ವಿವರಿಸುವಾಗ, ಅಧ್ಯಯನಕ್ಕೆ ಸಂಬಂಧವಿಲ್ಲದ, ಓದು ಬಲ್ಲ ಒಬ್ಬರು ಜೊತೆಗಿರಬೇಕು. ‘ನಿಷ್ಪಕ್ಷಪಾತ ಸಾಕ್ಷಿ’ ಅಂದರೆ ಜನ ಕೋರ್ಟು ಕೇಸು ಅಂತ ಹೆದರುತ್ತಾರೆ. ‘ಹೊರಗಿನ ಸಾಕ್ಷಿ’ ಅನ್ನಬಹುದೇ? ನನ್ನ ಪ್ರಕಾರ ಆ ಜಾಗದಲ್ಲಿ ರೈಟರ್ ನಿಲ್ಲಬಾರದು. ಅವರ ಎದುರು ಬೇಡ ಅನ್ನಲು ಯಾರಿಗೆ ಧೈರ್ಯ ಬರುತ್ತದೆ? ಪದದಲ್ಲೇ ಅದು ಹೊಳೆದರೆ ಒಳ್ಳೆಯದು.

ಇನ್ನೊಂದು ಮಕ್ಕಳದು. 18 ತುಂಬದವರ ಪರವಾಗಿ ಒಪ್ಪಿಗೆ ಕೊಡುವುದು ಅಪ್ಪ ಅಮ್ಮ. ಆದರೂ 7 ದಾಟಿದ ಮಗುವನ್ನೂ ಕೇಳಬೇಕು. 12ರವರೆಗೆ ಬಾಯಿಮಾತು ಸಾಕು, ಆಮೇಲೆ ಬರಹದಲ್ಲಿ. ಮಗು ಹೇಳುವ ಈ ಹೂಂ ಅನ್ನುವುದನ್ನು ಇಂಗ್ಲಿಷಿನಲ್ಲಿ ‘ಅಸೆಂಟ್’ ಅನ್ನುತ್ತಾರೆ. ಈ ‘ಅಸೆಂಟ್‌’ಗೆ ಏನನ್ನೋಣ? ‘ಒಪ್ಪಿಗೆ’ ಅಂದರೆ ಅಪ್ಪ ಅಮ್ಮನದರ ಜೊತೆ ಬೆರೆತುಹೋಗುತ್ತದೆ. ‘ಮಗುವಿನ ಇಷ್ಟ’ ಅಂತ ಸದ್ಯಕ್ಕೆ ಹಾಕಿದ್ದೇನೆ, ಸ್ವಲ್ಪ ಸಡಿಲ ಅನ್ನಿಸುತ್ತಿದೆ. ಶಾಲೆಯಲ್ಲಿ, ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವರು ಯಾವ ಮಾತು ಬಳಸುತ್ತೀರಿ, ದಯವಿಟ್ಟು ತಿಳಿಸಿ.