‘ತೋಟ ಲೇಔಟ್ ಆಗಬಾರದು’: ಓದುಗರ ಸ್ಪಂದನ

(ಕಳೆದ ಸಲದ ಸಮಸ್ಯೆ: ತುಮಕೂರು ಕಡೆಯ ಹಿರಿಯರೊಬ್ಬರಿಗೆ ನಾಲ್ಕು ಎಕರೆ ತೆಂಗಿನ ತೋಟ. ಮಗ, ಮಗಳಿಗೆ ಕೃಷಿ ಬೇಡ. ಬೇಲಿ ಪಕ್ಕ ಕಾರು ನಿಲ್ಲಿಸಿ ಜಮೀನು ಕೇಳುವವರು ಬರುತ್ತಿದ್ದಾರೆ. ತಾವು ಹೋದ ಮೇಲೂ ಅದು ತೋಟವಾಗಿಯೇ ಉಳಿಯಲು ಟ್ರಸ್ಟ್ ಮಾಡಬಹುದಾ, ಇಲ್ಲವೇ ‘ಮಾರಬಾರದು’ ಎಂಬ ಷರತ್ತಿನ ದಾನಪತ್ರ ಮಾಡಬಹುದಾ ಎಂದು ಕೇಳಿದ್ದರು.)

ಯಜಮಾನರೇ, ಟ್ರಸ್ಟ್ ವಿಷಯ ಆಮೇಲೆ. ಜಮೀನು ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಮೊದಲು ಅದನ್ನು ನೋಡಿ. ಪಿತ್ರಾರ್ಜಿತವಾದರೆ ಮಗಳಿಗೂ ಮಗನಷ್ಟೇ ಹಕ್ಕು. ನಿಮ್ಮ ಕೈಯಲ್ಲಿರುವುದು ನಿಮ್ಮ ಪಾಲು ಮಾತ್ರ. ಮಕ್ಕಳಿಗೆ ದಾನಪತ್ರ ಮಾಡಿ ‘ಮಾರಬಾರದು’ ಅಂತ ಬರೆಸ್ತೀನಿ ಅಂದಿದ್ದೀರಲ್ಲ, ಅದು ನಿಲ್ಲುವುದಿಲ್ಲ. ಪೂರ್ತಿ ಕೊಟ್ಟ ಮೇಲೆ ಮಾರಲೇಬೇಡ ಅನ್ನುವ ಷರತ್ತಿಗೆ ಆಸ್ತಿ ವರ್ಗಾವಣೆ ಕಾಯ್ದೆಯ 10ನೇ ಸೆಕ್ಷನ್ ಬೆಲೆ ಕೊಡುವುದಿಲ್ಲ. ಪತ್ರ ಉಳಿಯುತ್ತೆ, ಷರತ್ತು ಬಿದ್ದುಹೋಗುತ್ತೆ. ಬರೀ ಕುಟುಂಬಕ್ಕೆಂದು ಮಾಡಿದ ಟ್ರಸ್ಟ್ ಕೂಡ ತಲೆತಲಾಂತರಕ್ಕೆ ಆಸ್ತಿ ಕಟ್ಟಿಹಾಕಲಾರದು. ಕೃಷಿ ಕಲಿಸುವುದು, ನಾಟಿ ಬೀಜ ಉಳಿಸುವುದು ಇಂಥ ಸಾರ್ವಜನಿಕ ಉದ್ದೇಶವಿದ್ದರೆ ಆ ಮಿತಿ ಇಲ್ಲ. ಕರ್ನಾಟಕದಲ್ಲಿ ಮುಂಚೆ ಅದಕ್ಕೂ ಭೂಸುಧಾರಣಾ ಕಾಯ್ದೆಯ 79ಬಿ ಸೆಕ್ಷನ್ ಅಡ್ಡ ಇತ್ತು; ಟ್ರಸ್ಟ್‌ನಂಥ ಸಂಸ್ಥೆಗಳು ಕೃಷಿ ಜಮೀನು ಇಟ್ಟುಕೊಳ್ಳುವ ಹಾಗಿರಲಿಲ್ಲ. 2020ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ರೈತರಲ್ಲದವರೂ ಜಮೀನು ಕೊಳ್ಳಬಹುದು ಅಂತ ಬಾಗಿಲು ತೆರೆದದ್ದೂ ಅದೇ ತಿದ್ದುಪಡಿ. ನಿಮ್ಮ ಬೇಲಿ ಪಕ್ಕ ಕಾರು ನಿಲ್ಲೋದು ಸುಮ್ನೆ ಅಲ್ಲ!
– ನಿವೃತ್ತ ಪತ್ರ ಬರಹಗಾರ, ತಿಪಟೂರು

ನಾನಿರುವ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1980ರಿಂದ ಒಂದು ಕೃಷಿ ಭೂಮಿ ಟ್ರಸ್ಟ್ ಇದೆ. ಅದು ರೈತನಿಗೆ ದುಡ್ಡು ಕೊಟ್ಟು, ಜಮೀನನ್ನು ಸೈಟು ಮಾಡುವ ಹಕ್ಕನ್ನಷ್ಟೇ ತೆಗೆದುಕೊಳ್ಳುತ್ತೆ. ಜಮೀನು, ಹಸು, ಹಾಲು ಎಲ್ಲ ರೈತನದೇ. ಮುಂದೆ ಯಾರು ಕೊಂಡರೂ ಕರಾರು ಜಮೀನಿನ ಜೊತೆಗೇ ಹೋಗುತ್ತೆ. ಬಂದ ದುಡ್ಡಲ್ಲಿ ಅಣ್ಣತಮ್ಮಂದಿರ ಪಾಲು ತೀರಿಸಬಹುದು. ನಮ್ಮೂರಲ್ಲಿ ಇಂಥ ಕಾಯ್ದೆ ಇಲ್ಲ ಅನ್ನೋದೇ ಬೇಜಾರು.
– ಓದುಗ, ಕ್ಯಾಲಿಫೋರ್ನಿಯಾ

ಅಷ್ಟು ದೂರ ಯಾಕೆ? ಮಹಾರಾಷ್ಟ್ರದ ಗಡಚಿರೋಲಿಯ ಮೇಂಢಾ ಲೇಖಾ ಊರಿನವರು 2013ರಲ್ಲಿ ಗ್ರಾಮದಾನ ಮಾಡಿ ಜಮೀನನ್ನು ಗ್ರಾಮಸಭೆಗೆ ಒಪ್ಪಿಸಿದರು. ಉಳುಮೆ ಅವರವರದೇ. ಆದರೆ ಅದಕ್ಕೆ ಊರಿನವರೇ ಒಪ್ಪಬೇಕು. ತುಮಕೂರು ರಸ್ತೆಯ ರೇಟು ನೋಡಿದವರು ಒಪ್ತಾರಾ, ಹೇಳಿ?
– ಶಿಕ್ಷಕ, ಧಾರವಾಡ

ಟ್ರಸ್ಟ್ ಮಾಡಿದ್ರಿ ಅಂತಲೇ ಇಟ್ಟುಕೊಳ್ಳಿ. ತೋಟಕ್ಕೆ ನೀರು ಬಿಡೋರು ಯಾರು? ನಮ್ಮಲ್ಲಿ ಗೇಣಿಗೆ ಕೊಡುವುದಕ್ಕೆ ಕಾನೂನಿನ ಅಡ್ಡಿ ಇದೆ. ಬಾಯಿಮಾತಲ್ಲಿ ವಾರಕ್ಕೆ (ಬೆಳೆಯಲ್ಲಿ ಪಾಲಿಗೆ) ಕೊಟ್ಟರೆ ಇಬ್ಬರಿಗೂ ಭಯ. ಸ್ವಯಾರ್ಜಿತವಾದರೆ ಉಯಿಲು ಬರೆಸಿ: ತೋಟ ನೋಡಿಕೊಳ್ಳುವವರಿಗೆ ಅವರ ಜೀವ ಇರುವ ತನಕ ಅನುಭವಿಸುವ ಹಕ್ಕು, ಆಮೇಲೆ ಟ್ರಸ್ಟ್‌ಗೆ. ಅವರು ಸರಿಹೋಗದಿದ್ದರೆ ನೀವಿರುವಾಗಲೇ ಉಯಿಲು ಬದಲಿಸಬಹುದು. ಆದರೆ ಆ ಜನರನ್ನು ಈಗಲೇ ಹುಡುಕಿ, ಜೊತೆಯಲ್ಲಿ ಕೆಲಸ ಮಾಡಿಸಿ ನೋಡಿ. ನಮ್ಮ ಕಡೆ ಕಾಯಿ ಕೀಳೋರೇ ಸಿಗ್ತಿಲ್ಲ, ಇನ್ನು ತೋಟ ನೋಡೋರು!
– ಗೃಹಿಣಿ, ಗುಬ್ಬಿ